ಹದಿನೇಳು ಈಗ ಯಾರದು?

೧೯೭೮ರಲ್ಲಿ ಗೋವಿಂದರಾಜನಗರದ ಅನಂತಲಕ್ಷ್ಮಿಗೆ ಮಾಗಡಿ ರಸ್ತೆಯ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ನೌಕರಿ ಸಿಕ್ಕಿತು. ಆ ಯಂತ್ರವು ಕೈಗೆತ್ತಿಕೊಂಡ ಪ್ರತಿಯೊಂದು ಕೆಲಸಕ್ಕೂ ಒಂದು ಸಂಖ್ಯೆ ಕೊಡುತ್ತಿತ್ತು. ಮೊದಲ ಕೆಲವು ಸಂಖ್ಯೆಗಳನ್ನು ತನ್ನ ಒಳಗಿನ ಕೆಲಸಗಳಿಗೆಂದೇ ಕಾದಿರಿಸಿತ್ತು. ಉಳಿದವು ತೀರಿದಾಗ, ಮುಗಿದ ಕೆಲಸಗಳಿಂದ ತೆರವಾದ ಸಂಖ್ಯೆಗಳನ್ನೇ ಹೊಸದಕ್ಕೆ ಕೊಡುತ್ತಿತ್ತು.

ಒಂದು ದಿನ ಯಂತ್ರದಲ್ಲಿ ಉಗ್ರಾಣದ ಲೆಕ್ಕದ ಕೆಲಸ ಮುಂದಕ್ಕೆ ಸಾಗದೆ ನಿಂತುಬಿಟ್ಟಿತು. ಅದರ ಸಂಖ್ಯೆ ಹದಿನೇಳು. ಊಟ ಮುಗಿಸಿ ಬಂದ ಅನಂತಲಕ್ಷ್ಮಿ, ಹದಿನೇಳನ್ನು ನಿಲ್ಲಿಸುವಂತೆ ಟೈಪ್ ಮಾಡಿ, ಆಜ್ಞೆ ಕಳಿಸುವ ಕೊನೆಯ ಕೀಲಿಯ ಮೇಲೆ ಬೆರಳಿಟ್ಟಳು.

"ತಡಿಯಮ್ಮ!" ಎಂದರು ಹಿರಿಯ ಸಹೋದ್ಯೋಗಿ ಪದ್ಮನಾಭ. "ಹದಿನೇಳು ಈಗ ಯಾರದು ಅಂತ ನೋಡಿದ್ಯಾ?"

"ಉಗ್ರಾಣದ್ದೇ ಸಾರ್. ಊಟಕ್ಕೆ ಮುಂಚೆ ನೋಡಿದ್ನಲ್ಲ."

"ಬೆಳಿಗ್ಗೆ ಬಸ್ಸಲ್ಲಿ ನೀನು ಕೂತಿದ್ದ ಸೀಟು ಈಗ್ಲೂ ನಿಂದೇನಾ?"

ಅವಳು ಮತ್ತೆ ನೋಡಿದಳು. ಉಗ್ರಾಣದ ಕೆಲಸ ತಾನಾಗಿಯೇ ಮುಗಿದುಹೋಗಿತ್ತು. ಹದಿನೇಳು ಈಗ ಇಂಜಿನಿಯರ್ ಗೋಪೀನಾಥನ ಬಾಯ್ಲರ್ ಲೆಕ್ಕದ ಪಾಲಾಗಿತ್ತು. ಯಂತ್ರದ ಸರದಿಗಾಗಿ ಅವನು ವಾರವೆಲ್ಲ ಕಾದಿದ್ದನು. ಮರುದಿನ ಬೆಳಿಗ್ಗೆಯೇ ಆ ಲೆಕ್ಕವನ್ನು ಮೇಲಧಿಕಾರಿಗಳಿಗೆ ಒಪ್ಪಿಸಬೇಕಾಗಿತ್ತು. ಅನಂತಲಕ್ಷ್ಮಿ ಕೀಲಿಯಿಂದ ಬೆರಳು ತೆಗೆದಳು; ಅವಳ ಕಣ್ಣು ತುಂಬಿ ಬಂತು.

"ಅತ್ರೆ ಕೀಲಿಗೆಲ್ಲ ನೀರು ಬೀಳತ್ತೆ. ಟೈಪ್ ಮಾಡಿದ್ದನ್ನ ಅಳಿಸು, ಸಾಕು," ಎಂದು ಪದ್ಮನಾಭ ನಕ್ಕರು. ಆ ಮಾತನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ.

ಸಂಜೆ ಗೋಪೀನಾಥ ಅಚ್ಚಾದ ಕಾಗದಗಳನ್ನು ಮಗುವಿನಂತೆ ಎತ್ತಿಕೊಂಡು, "ಬಹಳ ಉಪಕಾರ ಆಯ್ತು ಕಣ್ರೀ," ಎಂದನು.

"ನನಗಲ್ಲ, ಅವರಿಗೆ ಹೇಳಿ ಸಾರ್," ಎಂದು ಅನಂತಲಕ್ಷ್ಮಿ ಪದ್ಮನಾಭರತ್ತ ಕೈ ತೋರಿಸಿದಳು. ಏಕೆಂದು ತಿಳಿಯದಿದ್ದರೂ ಗೋಪೀನಾಥ ಅವರಿಗೂ ಕೈಮುಗಿದನು. ಅವನ ಹಿಂದೆ ನಿಂತು ಅವಳೂ ಕೈಮುಗಿದಳು.