ರೂಟ್ ಆಗಿದ್ದಕ್ಕೆ ಮುಚ್ಚಳಿಕೆ

ಹಾನುಬಾಳಿನ ಹತ್ತಿರದ ಒಂದು ಕಾಫಿ ಎಸ್ಟೇಟ್ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಬಿಟ್ಟಿ ಸಿಕ್ಕಿದ್ದಲ್ಲ ಅದು.

ಆಫೀಸಿನ ಸರ್ವರ್‌ಗೆ ಐದಾರು ಜನ ಲಾಗಿನ್ ಆಗುತ್ತಿದ್ದೆವು. ಎಲ್ಲವನ್ನೂ ಬದಲಾಯಿಸಬಲ್ಲ ರೂಟ್ ಖಾತೆ ಮಾತ್ರ ಮ್ಯಾನೇಜರದು. ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಡ್ರಾಯರಿಗೆ ಬೀಗ ಹಾಕಿಟ್ಟಿದ್ದರು. ಆದರೆ ನಾವು ಆದೇಶಗಳನ್ನು ಟೈಪ್ ಮಾಡುತ್ತಿದ್ದ ಟರ್ಮಿನಲ್ ಪ್ರೋಗ್ರಾಮಿನಲ್ಲೇ ದೋಷವಿತ್ತು. ಪರದೆಯ ಮೇಲಿರುವುದನ್ನು ಫೈಲಿಗೆ ಬರೆದಿಡು ಎಂದರೆ, ಕೇಳಿದ್ದು ಯಾರೆಂದು ನೋಡದೆ, ಅದು ರೂಟ್ ಅಧಿಕಾರದಲ್ಲಿ ಯಾವ ಫೈಲನ್ನಾದರೂ ತೆರೆದು ಬರೆಯುತ್ತಿತ್ತು. ಆ ದಾರಿಯಲ್ಲಿ ಯಾರು ಬೇಕಾದರೂ ರೂಟ್ ಆಗಬಹುದಿತ್ತು.

ಹೊಸ ಆವೃತ್ತಿ ಹಾಕಿಸಿ ಎಂದು ಮೂರು ಸಲ ಹೇಳಿದೆ. "ಕುಯ್ಲು ಮುಗೀಲಿ ಮಾರಾಯ್ತಿ" ಎಂದರು ಮ್ಯಾನೇಜರು. ನಾಲ್ಕನೆಯ ಸಲ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ನನ್ನ ಖಾತೆಯಿಂದ ರೂಟ್ ಆಗಿ ತೋರಿಸಿದೆ.

ಅವರು ಪರದೆ ನೋಡಲಿಲ್ಲ. ಎದ್ದುಹೋಗಿ ಡ್ರಾಯರ್ ಎಳೆದು ನೋಡಿದರು! ಬೀಗ ಹಾಗೇ ಇತ್ತು.

"ಇದ್ರಲ್ಲಿದ್ದ ಚೀಟಿನ ಯಾವಾಗ ತೆಗ್ದೆ?"

"ತೆಗ್ದಿಲ್ಲ ಸಾರ್. ರೂಟ್ ಆಗೋಕೆ ಪಾಸ್‌ವರ್ಡೇ ಬ್ಯಾಡ ಅಂತ ತಾನೆ ನಾನು ಬಡ್ಕೊಳ್ತಿರೋದು."

ಹಾಜರಿ ಬರೆಯುವ ರೈಟರ್ ಬಾಗಿಲಲ್ಲೇ ನಕ್ಕರು. "ಓದ್ಸಿದ್ರೆ ಹಿಂಗೇ ಕಣ್ರೀ ಸಾರ್. ಅವ್ವ ಆಫೀಸ್ ಮೆಟ್ಲು ಹತ್ತಿದವಳಲ್ಲ, ಮಗಳು ನಿಮ್ ಕುರ್ಚಿಗೇ ಬಂದ್ಬುಟ್ಳು."

ಮರುದಿನ ಹೊಸ ಪಾಸ್‌ವರ್ಡ್, ಡ್ರಾಯರಿಗೆ ಹೊಸ ಬೀಗ. ಪ್ರೋಗ್ರಾಮ್ ಮಾತ್ರ ಹಳೆಯದೇ. ಜೊತೆಗೆ ನನಗೊಂದು ಮುಚ್ಚಳಿಕೆ. ಲೈನ್ ಮನೆಗಳ ಕೂಲಿಯವರು ತೋಟದ ಸೌದೆ ಹೊತ್ತು ಸಿಕ್ಕಿಬಿದ್ದರೆ ಬರೆಸಿಕೊಳ್ಳುವ ಕಾಗದ ಅದು: ಕದ್ದದ್ದು ತಪ್ಪಾಯಿತು, ಇನ್ನು ಮಾಡುವುದಿಲ್ಲ.

"ಸಹಿ ಹಾಕಿದ್ರೆ ಕೆಲ್ಸ ಐತೆ. ಇಲ್ಲಾಂದ್ರೆ ಇವತ್ತಿಗೇ ಮುಗೀತು" ಎಂದರು ರೈಟರ್.

ಇದೇ ತೋಟದಲ್ಲಿ ಕೂಲಿ ಮಾಡಿದ ಅಪ್ಪ ಅವ್ವ ಇಂಥ ಕಾಗದಗಳಿಗೆ ಓದಲಾಗದೆ ಹೆಬ್ಬೆಟ್ಟು ಒತ್ತಿದವರು. ನಾನು ಎರಡು ಸಲ ಓದಿದೆ. 'ಕದ್ದದ್ದು' ಎಂಬಲ್ಲಿಂದ ಕೊನೆಯವರೆಗೆ ಅಡ್ಡಗೆರೆ ಎಳೆದೆ. ಕೆಳಗೆ ದೋಷ ಏನು, ಸರಿಪಡಿಸುವುದು ಹೇಗೆ, ಎಷ್ಟು ಸಲ ಹೇಳಿದ್ದೆ ಎಂದು ಬರೆದು ಸಹಿ ಹಾಕಿದೆ.

"ಏನೇ ಗೀಚಿದೀಯ ಇದ್ರಲ್ಲಿ?" ಎಂದರು ರೈಟರ್.

"ನಿಮಗೂ ಓದೋಕೆ ಬರ್ತದಲ್ಲ, ಓದ್ಕಳಿ."

ಕೆಲಸ ಹೋಯಿತು. ಹೊರಡುವಾಗ ಗೇಟಿನಲ್ಲಿ ಮೊದಲ ಸಲ ನನ್ನ ಚೀಲ ತೆಗೆಸಿದರು, ಊಟದ ಡಬ್ಬಿಯನ್ನೂ ಬಿಡಲಿಲ್ಲ. ಅದರೊಳಗೆ ರೂಟ್ ಹೊತ್ತುಕೊಂಡು ಹೋಗುತ್ತಿದ್ದೇನೆ ಅಂದುಕೊಂಡಿದ್ದರೋ ಏನೋ.