ತೋರಿಸಲೆಂದು ಇಟ್ಟ ಕರಿಮಣಿ

ಬೇವಿನ ಕಟ್ಟಿಗೆಯಲ್ಲಿ ಬಡಿಗೇರನಿಂದ ಮಾಡಿಸಿದ ಒಂದು ಕೊರಳು ಈಗಲೂ ನಮ್ಮ ಮನೆಯ ಗೋಡೆಯ ಮಾಡದಲ್ಲಿ ನಿಂತಿದೆ. ತಲೆಯಿಲ್ಲ, ಕೈಯಿಲ್ಲ, ಹೆಗಲು ಮತ್ತು ಕೊರಳು, ಅಷ್ಟೇ. ಅದರ ಮೇಲೆ ಒಂದು ಕರಿಮಣಿ ಸರ ಇದೆ. ಬಂದವರು ಅದೇನೆಂದು ಕೇಳುತ್ತಾರೆ. ಹಳೇ ವ್ಯಾಪಾರದ ಸಾಮಾನು ಎಂದು ಹೇಳಿ ಮಾತು ತಿರುಗಿಸುತ್ತೇನೆ. ಬರೆದರೆ ಮನಸ್ಸು ಹಗುರಾದೀತು ಎಂಬ ಆಸೆ ನನಗಿಲ್ಲ. ತಪ್ಪು ಮಾಡಿದವನು ನಾನು, ಹೇಳುವವನೂ ನಾನೇ ಆಗಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮ್ಯಾಟ್ರಿಕ್ ಪಾಸಾಗಿ ನೌಕರಿಯ ದಾರಿ ಕಾದು ಬೇಸತ್ತಿದ್ದೆ. ಹೂವಿನ ಹಿಪ್ಪರಗಿಯಲ್ಲಿ ನಮ್ಮ ಮನೆ. ಹೆಂಡತಿಯ ತವರು ಮುದ್ದೇಬಿಹಾಳ. ಆ ಮನೆಯ ಹೆಣ್ಣುಮಕ್ಕಳಿಗೆಲ್ಲ ಮಣಿ ಪೋಣಿಸುವ ಕಸುಬು ಬರುತ್ತಿತ್ತು. ಗಿಲೀಟಿನ ಗುಂಡು, ಗಾಜಿನ ಮಣಿ, ರೇಷ್ಮೆ ದಾರ ಇಷ್ಟು ಕೊಟ್ಟರೆ ಸಾಕು, ನನ್ನ ಹೆಂಡತಿ ಗುಂಡಿನ ಬೋರಮಾಳ, ಕೊರಳಿಗೆ ಕಟ್ಟುವ ಟಿಕ್ಕಿ, ಕರಿಮಣಿ ಸರ ಏನು ಬೇಕಾದರೂ ಮಾಡುತ್ತಿದ್ದಳು. ಅವಳು ಮಾಡುವುದು, ನಾನು ಮಾರುವುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ಸಂತೆಗಳನ್ನು ಬಸ್ಸಿನಲ್ಲಿ ಟ್ರಂಕು ಹೊತ್ತು ಸುತ್ತುತ್ತಿದ್ದೆವು.

ಅವಳು ಮಾಡಿದ ಸರವನ್ನು ಕೈಯಲ್ಲಿ ಹಿಡಿದು ನೋಡಿದವರು ಸುಲಭಕ್ಕೆ ಕೆಳಗಿಡುತ್ತಿರಲಿಲ್ಲ. ಆದರೆ ಕೈಗೆ ತೆಗೆದುಕೊಳ್ಳುವಷ್ಟು ಹತ್ತಿರ ಯಾರೂ ಬರುತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ಶುರುವಾಗಿದ್ದು ಇಲ್ಲಿಂದ. ಗೋಣಿ ತಟ್ಟಿನ ಮೇಲೆ ಹರವಿದರೆ ಸರ ಸರದಂತೆ ಕಾಣುವುದಿಲ್ಲ, ಮಣಿಯ ಗುಡ್ಡೆಯಂತೆ ಕಾಣುತ್ತದೆ. ಇಂಡಿಯ ಸಂತೆಯಲ್ಲಿ ಚಕ್ಕಡಿಗಳು ಎಬ್ಬಿಸಿದ ಧೂಳಿಗೆ ಮಧ್ಯಾಹ್ನದ ಹೊತ್ತಿಗೆ ಬಂಗಾರದ ಬಣ್ಣದ ಗುಂಡುಗಳೆಲ್ಲ ತೊಗರಿಕಾಳಿನ ಹಾಗೆ ಆಗುತ್ತಿದ್ದವು. ಒರೆಸುವುದು, ಮತ್ತೆ ಹರವುವುದು, ಮತ್ತೆ ಒರೆಸುವುದು.

ನೆಲ ಬೇಡವೆಂದು ಕೊಡೆ ಬಿಚ್ಚಿ ಅದರ ಕಡ್ಡಿಗಳಿಗೆ ಸರ ತೂಗುಹಾಕಿದೆ. ಚೆನ್ನಾಗಿಯೇ ಕಂಡಿತು. ಸಿಂದಗಿಯ ಗಾಳಿ ಕೊಡೆಯನ್ನು ಸರಗಳ ಸಮೇತ ಎತ್ತಿಕೊಂಡು ಹೋಗಿ ಜೋಳದ ರಾಶಿಯ ಮೇಲೆ ಒಗೆಯಿತು. ಸಿಕ್ಕು ಬಿಡಿಸುವುದರಲ್ಲೇ ಹೆಂಡತಿಯ ವಾರ ಹೋಯಿತು. ಆಮೇಲೆ ಕಣಕಿಯ ಸಿವುಡು ನಿಲ್ಲಿಸಿ ಅದಕ್ಕೆ ಟಿಕ್ಕಿ ಕಟ್ಟಿದೆ. ಒಣಗಿದ ಜೋಳದ ದಂಟಿನ ಮೇಲೆ ಕೆಂಪು, ಹಸಿರು ಮಣಿ ಎದ್ದು ಕಾಣುತ್ತಿತ್ತು. ಆದರೆ ಮುದ್ದೇಬಿಹಾಳದ ಸಂತೆಗೆ ಬಂದ ಯಾರದೋ ಎತ್ತು ಕಣಕಿಗೆ ಬಾಯಿ ಹಾಕಿ ಒಂದು ಟಿಕ್ಕಿಯನ್ನೂ ಅಗಿಯಿತು. ಕೊನೆಗೆ ಕುಂಬಾರನಿಂದ ಹೊಸ ಕೊಡಗಳನ್ನು ತಂದು ಅವುಗಳ ಕಂಠಕ್ಕೆ ಸರ ಹಾಕಿ ಸಾಲಾಗಿ ಇಟ್ಟೆ. ಬಂದ ಮೊದಲ ಹೆಂಗಸು ಸರದ ಕಡೆ ಕಣ್ಣೆತ್ತಿಯೂ ನೋಡದೆ ಕೊಡವನ್ನು ಬೆರಳಿನಿಂದ ಬಡಿದು ನೋಡಿದಳು.

"ಕೊಡಾ ಹೆಂಗ್ರಿ, ಅಣ್ಣಾರ?"

"ಕೊಡ ಮಾರಾಕಲ್ರಿ."

"ಮತ್ಯಾಕ ಇಟ್ಟೀರಿ ಇಷ್ಟೊಂದು?"

ಪಕ್ಕದಲ್ಲಿ ಕೂರುತ್ತಿದ್ದ ಬಳೆಗಾರ ಕಾಕಾ ನಕ್ಕ. ಸಿಂದಗಿಯ ಕಡೆಯ ವಯಸ್ಸಾದ ಮುಸಲ್ಮಾನ. ನಾಲ್ಕೂ ಸಂತೆಗಳಲ್ಲಿ ನಮ್ಮ ಬಾಜೂಕೇ ಅಂಗಡಿ ಹಚ್ಚುತ್ತಿದ್ದ. ಅವನಿಗೆ ಅಂಗಡಿಯ ಶೃಂಗಾರದ ಚಿಂತೆಯೇ ಇರಲಿಲ್ಲ. ಬಳೆಗಳನ್ನು ಹಗ್ಗಕ್ಕೆ ಏರಿಸಿ ಹೆಗಲ ಮೇಲೆ ಹಾಕಿಕೊಂಡರೆ ಅವನ ಅಂಗಡಿ ತಯಾರು.

"ತಮ್ಮಾ, ಕುಂಬಾರಗ ಹೇಳೀಯಿಲ್ಲೋ, ಅವನ ಅಂಗಡಿ ನೀ ಹಚ್ಚೀ ಅಂತ?" ಎಂದ.

ನಾನು ಬಿಜಾಪುರದಲ್ಲಿ ಸರಾಫರ ಅಂಗಡಿಯೊಂದನ್ನು ನೋಡಿದ್ದೆ. ಗಾಜಿನ ಹಿಂದೆ ಕೆಂಪು ಮಕಮಲ್ಲು ಹೊದಿಸಿದ ಕೊರಳು, ಅದರ ಮೇಲೆ ಸರ. ಅದೇ ನನ್ನ ತಲೆಯಲ್ಲಿ ಕುಳಿತಿತ್ತು. ಕಲಿತವನು ನಾನು, ಈ ಸಂತೆಯಲ್ಲಿ ಕೂತವರಿಗಿಂತ ಬೇರೆ ಥರ ಮಾಡಿ ತೋರಿಸಬೇಕು ಎಂಬ ಹಮ್ಮೂ ಇತ್ತು. ಬಡಿಗೇರನಿಗೆ ಹೇಳಿ ಈ ಬೇವಿನ ಕೊರಳನ್ನು ಮಾಡಿಸಿದೆ. ಅವನು ಹೆಂಗಸಿನ ಕೊರಳು ಮಾಡುವ ಬದಲು ಎತ್ತಿನ ಹೆಗಲು ಮಾಡಿಕೊಟ್ಟ. ಮೇಲೆ ಮಕಮಲ್ಲು ಹೊಲಿಸಿ, ಇದ್ದಬದ್ದ ಸರಗಳನ್ನೆಲ್ಲ ಅದರ ಮೇಲೆ ಹೇರಿ ಬಾಗೇವಾಡಿ ಸಂತೆಯಲ್ಲಿ ನಿಲ್ಲಿಸಿದೆ.

"ನೊಗಾ ಎಲ್ಲೈತೋ ತಮ್ಮಾ?" ಎಂದು ಕಾಕಾ ಕೇಳಿದ.

ಹೆಂಗಸರು ದೂರದಿಂದಲೇ ನೋಡಿ, "ಯವ್ವಾ, ರುಂಡಿಲ್ಲದ್ದು" ಎಂದು ಸೆರಗು ಎಳೆದುಕೊಂಡು ಹೋದರು. ಒಂದು ಕೂಸು ಅತ್ತಿತು. ನಾನು ಆ ಕಟ್ಟಿಗೆಯನ್ನು ಮನೆಗೆ ತಂದು ಹೊರಸಿನ ಕೆಳಗೆ ತಳ್ಳಿದೆ. ಹೆಂಡತಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಬೈದು ಹಗುರಾಗುತ್ತಿದ್ದೆ.

ಮುಂದಿನ ಸಂತೆಯಲ್ಲಿ ಕಾಕಾ ಬಳೆ ಜೋಡಿಸುತ್ತಾ ಸುಮ್ಮನೆ ಒಂದು ಮಾತು ಅಂದ. "ಸರಾ ನೋಡಬೇಕಂದ್ರ ಒಂದು ಕೊಳ್ಳ ಇರಬೇಕೋ. ಕಟ್ಟಿಗೀದಲ್ಲ, ಮಂದೀದು. ನಿನ್ನ ಬಾಜೂಕ ಕುಂತೈತಲ್ಲ ಒಂದು."

ಅವನು ಹೇಳಿದ್ದು ಚಾಷ್ಟಿಗೆ, ಬರೀ ತಮಾಷೆಗೆ. ನಾನು ಅದನ್ನೇ ಹಿಡಿದುಕೊಂಡೆ. ಅಲ್ಲಿಂದ ಸಂತೆಯ ದಿನ ಹೆಂಡತಿಯ ಕೊರಳಿಗೆ ಬೋರಮಾಳ, ಟಿಕ್ಕಿ, ಗುಂಡಿನ ಸರ ಎಲ್ಲ ಹಾಕಿ ಕೂರಿಸತೊಡಗಿದೆ. ವ್ಯಾಪಾರ ಸ್ವಲ್ಪ ಎದ್ದಿತು. ಹೆಂಗಸರು ಬಂದು ಅವಳ ಕೊರಳಿಗೇ ಕೈ ಹಾಕಿ, "ಹಿಂಗ ತಿರಗವಾ, ಹಿಂದಿನ ಗೊಂಡೆ ನೋಡೂನು" ಎನ್ನುತ್ತಿದ್ದರು. ಅವರು ಮೆಚ್ಚಿದ್ದನ್ನು ನಾನು ಬಿಚ್ಚಿ ಕೊಡುತ್ತಿದ್ದೆ. ನಾನು ಹೇಳಿದಂತೆ ಅವಳು ಬೆನ್ನು ಸೆಟೆಸಿ ಕೂರಬೇಕು, ಸೆರಗು ಸರಿಸಿಕೊಂಡಿರಬೇಕು, ಕೈಯಲ್ಲಿ ಸೂಜಿ ಹಿಡಿಯಬಾರದು.

"ನಾ ಏನ್ ಗೂಟೇನ್ರಿ?" ಎಂದಳು ಒಂದು ದಿನ.

"ಎರಡು ತಾಸು ಕುಂತ್ರ ಏನ್ ಸವೀತಿ?" ಎಂದೆ.

"ಕುಂದರ್ತೇನಿ. ಆದ್ರ ಕರಿಮಣಿ ತಂಟೆಕ್ಕ ಬರಬ್ಯಾಡ್ರಿ. ಮಾರೋದು ನನ್ನ ಕೊಳ್ಳಿಗೆ ಬರಬಾರದು, ನನ್ನ ಕೊಳ್ಳಾಗಿಂದು ಮಾರಾಕ ಹೋಗಬಾರದು."

ನಮ್ಮ ಕಡೆ ಬೇರೆ ಸರಗಳನ್ನು ಹಾಕಿ ನೋಡಿ, ಒಲ್ಲದಿದ್ದರೆ ತೆಗೆದಿಡಬಹುದು. ಕರಿಮಣಿಯನ್ನು ಹಾಗೆ ಹಾಕಿ ನೋಡುವುದಿಲ್ಲ. ಒಬ್ಬ ಮುತ್ತೈದೆ ತನ್ನದೆಂದು ಹಾಕಿಕೊಂಡದ್ದನ್ನು ಇನ್ನೊಬ್ಬಳು ಮುಟ್ಟುವುದಿಲ್ಲ. ಇಷ್ಟು ನನಗೂ ಗೊತ್ತಿತ್ತು. ನನ್ನ ಹೆಂಡತಿಯ ಕರಿಮಣಿಯ ಮಾತು ಇನ್ನೂ ಬೇರೆ. ಅದನ್ನು ಪೋಣಿಸಿದ್ದು ಅವಳ ತಾಯಿ. ಕಣ್ಣಿಗೆ ಪೊರೆ ಬಂದು ಪೂರ್ತಿ ಕಾಣದಾಗುವ ಮೊದಲು ಆಕೆ ಪೋಣಿಸಿದ ಕಡೆಯ ಸರ ಅದು. ನಡುನಡುವೆ ಒಂದೊಂದು ಕೆಂಪು ಮಣಿ. ತಾಳಿ ಅರಿಷಿಣದ ದಾರದಲ್ಲಿ ಒಳಗಿರುತ್ತಿತ್ತು, ಈ ಸರ ಬೇರೆಯಾಗಿ ಮೇಲೆ ಇರುತ್ತಿತ್ತು. ಮುದ್ದೇಬಿಹಾಳದ ಸಂತೆ ಮುಗಿಸಿ ನಾವು ಅತ್ತೆಯ ಮನೆಗೆ ಹೋದರೆ ಆಕೆ ಮಗಳ ಮುಖ ಮುಟ್ಟುತ್ತಿರಲಿಲ್ಲ, ಕೊರಳನ್ನು ಮುಟ್ಟುತ್ತಿದ್ದಳು. ಬೆರಳಿನಲ್ಲಿ ಆ ಮಣಿಗಳನ್ನು ಒಂದೊಂದಾಗಿ ಜಾರಿಸಿ, "ಹೂಂ, ಬಂದೀ" ಎನ್ನುತ್ತಿದ್ದಳು.

ಆ ದಿನ ಬಾಗೇವಾಡಿಯಲ್ಲಿ ಬೆಳಗಿನಿಂದ ಬೋಣಿಗೆಯೂ ಆಗಿರಲಿಲ್ಲ. ಹಿಂದಿನ ಎರಡು ಸಂತೆಗಳೂ ಹಾಗೇ ಹೋಗಿದ್ದವು. ಬಿಸಿಲು, ಗಾಳಿ, ಒರೆಸಿದರೂ ಹೋಗದ ಧೂಳು. ಬಾಜೂಕ ಕಾಕಾನ ಮುಂದೆ ಹೆಂಗಸರ ಸಾಲು ಕರಗುತ್ತಲೇ ಇರಲಿಲ್ಲ. ಮನೆಯಲ್ಲಿ ಜೋಳ ಇತ್ತು, ಉಪವಾಸದ ಮಾತೇನೂ ಇರಲಿಲ್ಲ. ಇದನ್ನು ನಾನು ಮುಚ್ಚಿಡಬಾರದು. ನನಗೆ ಬೇಕಾಗಿದ್ದದ್ದು ದುಡ್ಡಲ್ಲ, ಒಂದಾದರೂ ಹೆಣ್ಣುಮಗಳು ನನ್ನ ಅಂಗಡಿಗೆ ಬಂದು, ಬರಿಗೈಯಲ್ಲಿ ಹೋಗದಿರುವುದು.

ಒಬ್ಬಳು ಬಂದಳು. ಹೊಸದಾಗಿ ಮದುವೆಯಾದ ಹುಡುಗಿ. ಕರಿಮಣಿ ಬೇಕೆಂದಳು. ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದವನ್ನೆಲ್ಲ ತೆಗೆದು ಹರವಿದೆ. ಅವಳ ಕಣ್ಣು ನನ್ನ ಹೆಂಡತಿಯ ಕೊರಳ ಮೇಲೆಯೇ ಇತ್ತು.

"ಅಕ್ಕಾರ ಕೊಳ್ಳಾಗ ಐತಲ್ರಿ, ಅಂಥಾದ್ದ ಬೇಕ್ರಿ."

"ಮುಂದಿನ ಸಂತಿಗೆ ಮಾಡಿ ತರ್ತೇನಿ, ತಂಗಿ," ಎಂದಳು ಹೆಂಡತಿ.

"ನಾಳೆ ನಮ್ಮ ನಾದಿನಿ ಲಗ್ನ ಐತ್ರಿ. ಮುಂದಿನ ಸಂತಿ ತನಕ ಏನ್ ಮಾಡ್ಲಿ?" ಹುಡುಗಿ ಎದ್ದಳು.

ಅವಳು ಎದ್ದು ಎರಡು ಹೆಜ್ಜೆ ಹೋದದ್ದನ್ನು ನಾನು ನೋಡಿದೆ. ನನ್ನ ಬಾಯಿಂದ ಮಾತು ಬಂದೇ ಹೋಯಿತು.

"ಇಲ್ಲಿ ಬಾರವಾ. ಅದೂ ಮಾರೋದೇ. ತೋರ್ಸಾಕಂತ ಹಾಕೇವಿ. ಇವತ್ತ ಮುಂಜಾನೆ ಹಾಕಿದ್ದು, ಹೊಸಾದೈತಿ."

"ಅಕ್ಕಾರದಲ್ಲೇನ್ರಿ ಮತ್ತ?"

"ಅಕೀ ಕರಿಮಣಿ ಮನ್ಯಾಗ ಐತಿ. ಕೇಳ್ ಬೇಕಾರ."

ಹುಡುಗಿ ನನ್ನ ಹೆಂಡತಿಯ ಮುಖ ನೋಡಿದಳು. ಹೆಂಡತಿ ನನ್ನ ಮುಖ ನೋಡಿದಳು. ಇಲ್ಲ ಎಂದಿದ್ದರೆ ಸಂತೆಯ ನಡುವೆ ಗಂಡನನ್ನು ಸುಳ್ಳ ಎಂದಂತಾಗುತ್ತಿತ್ತು. ಅವಳು ಎರಡೂ ಕೈಗಳನ್ನು ಕೊರಳ ಹಿಂದೆ ಒಯ್ದು ತಾನೇ ಗಂಟು ಬಿಚ್ಚಿದಳು. ಹಳೇ ಗಂಟು, ಹೊತ್ತು ಹಿಡಿಯಿತು. ಅಷ್ಟು ಹೊತ್ತಿನಲ್ಲಿ ನಾನು ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಹುಡುಗಿ ಎಲ್ಲಿ ಎದ್ದು ಹೋಗುತ್ತಾಳೋ ಎಂದು ಅವಳನ್ನೇ ನೋಡುತ್ತಿದ್ದೆ.

ಹುಡುಗಿ ದುಡ್ಡು ಕೊಟ್ಟು ಸರ ಒಯ್ದ ಮೇಲೆ ಕಾಕಾ ತನ್ನ ಬಳೆಗಳನ್ನು ನೋಡುತ್ತಲೇ ಅಂದ: "ನಾ ಚಾಷ್ಟಿಗೆ ಅಂದಿದ್ನೋ ತಮ್ಮಾ."

ನಡುವೆ ಮುದ್ದೇಬಿಹಾಳದ ಸಂತೆ ಬಂತು. ಅತ್ತೆಯ ಮನೆಗೆ ಹೋಗದೆ ಹಿಂದಿರುಗೋಣ ಎಂದೆ. "ಬಂದು ಹೋದ್ವಿ ಅಂತ ಅವ್ವಗ ಗೊತ್ತಾಗೂದಿಲ್ಲೇನ್ರಿ?" ಎಂದು ಹೆಂಡತಿ ಮುಂದೆ ನಡೆದಳು. ಅತ್ತೆಯ ಬೆರಳು ಎಂದಿನಂತೆ ಮಗಳ ಕೊರಳಿಗೆ ಹೋಯಿತು. ಅರಿಷಿಣದ ದಾರ ಸಿಕ್ಕಿತು. ಬೆರಳು ಈ ಕಡೆ ಆ ಕಡೆ ಹುಡುಕಿತು.

"ಮಣಿ ಎಲ್ಲಿ ಅದಾವ?"

"ದಾರ ಹಳೇದಾಗಿತ್ತವ್ವಾ. ಬಿಚ್ಚಿಟ್ಟೇನಿ. ಪೋಣಿಸ್ಕೋಬೇಕು."

"ಊರ ಮಂದಿಗೆಲ್ಲಾ ಪೋಣಸ್ತೀ. ನಿಂದ ಪೋಣಿಸ್ಕೊಳ್ಳಾಕ ಪುರಸೊತ್ತಿಲ್ಲಾ?" ಎಂದು ಅತ್ತೆ ಬೈದಳು. ಬೈಸಿಕೊಂಡವಳು ಅವಳು. ನಾನು ಬಾಗಿಲ ಹತ್ತಿರ ಕೂತು ಚಹಾ ಕುಡಿದೆ.

ಮತ್ತೆ ಬಾಗೇವಾಡಿಯ ಸಂತೆ. ಅಂಗಡಿ ಹಚ್ಚುವುದರೊಳಗೆ ಆ ಹುಡುಗಿ ತನ್ನ ಅತ್ತೆಯ ಜೊತೆ ಬಂದಳು. ಮುದುಕಿ ಸೆರಗಿನ ತುದಿಯ ಗಂಟು ಬಿಚ್ಚಿ ಕರಿಮಣಿಯನ್ನು ನನ್ನ ಮುಂದೆ ಹಿಡಿದಳು.

"ಹೊಸಾದು ಅಂದೀಯೇನಪಾ? ಗಂಟಿನ್ಯಾಗ ಅರಿಷಿಣ ಕುಂತೈತಿ ನೋಡು. ಮಣಿ ತೂತಿನ್ಯಾಗೆಲ್ಲಾ ಕುಂತೈತಿ. ಇದು ಒಂದ ಮುಂಜಾನೀದಲ್ಲ. ಹೇಂತಿ ಕೊಳ್ಳಾಗಿಂದು ಬಿಚ್ಚಿ ಮಾರ್ತೀಯಲ್ಲ, ನಾಚಿಕಿ ಬರಂಗಿಲ್ಲೇನು?"

ನಾನು ತಡಬಡಿಸಿ, ಬದಲಿಗೆ ಬೇರೆ ಸರ ಆರಿಸಿಕೊಳ್ಳಿ ಎಂದೆ. ಆಕೆ ನನ್ನ ಸಾಮಾನು ಮುಟ್ಟಲಿಲ್ಲ, ಕೊಟ್ಟ ದುಡ್ಡನ್ನೂ ಕೇಳಲಿಲ್ಲ. ಕರಿಮಣಿಯನ್ನು ನನ್ನ ಹೆಂಡತಿಯ ಮಡಿಲಲ್ಲಿ ಹಾಕಿ, "ತಗೋ ಯವ್ವಾ, ನಿಂದು ನಿನಗಿರ್ಲಿ" ಎಂದು ಸೊಸೆಯ ಕೈ ಹಿಡಿದುಕೊಂಡು ಹೋದಳು. ಸುತ್ತ ನಿಂತವರು ನೋಡಿದರು. ನನಗೆ ನಾಚಿಕೆಗಿಂತ ಮೊದಲು ಸಮಾಧಾನವೇ ಆಯಿತು. ಸರ ತಿರುಗಿ ಬಂತು, ಕೆಲಸ ಮುಗಿಯಿತು ಎಂದುಕೊಂಡೆ.

"ಬಂತಲ್ಲ, ಹಾಕೋ," ಎಂದೆ.

"ಹೆಂಗ ಹಾಕೊಳ್ಲಿ? ಆ ಹುಡುಗಿ ಕೊಳ್ಳಾಗ ಇದ್ದು ಬಂದೈತ್ರಿ."

"ನಿಮ್ಮವ್ವಗ ಕೊಡು. ಬಿಚ್ಚಿ ಮತ್ತ ಪೋಣಸ್ತಾಳ. ಕಣ್ಣಿಲ್ಲದಿದ್ರೂ ಕೈ ನಡೀತೈತಿ."

"ಅವ್ವಗ ಏನಂತ ಹೇಳಿ ಕೊಡ್ಲಿ?"

ಸಿಕ್ಕಿಬಿದ್ದಾಗ ನನಗೆ ಬರುತ್ತಿದ್ದದ್ದು ಸಿಟ್ಟು ಒಂದೇ. "ಹಂಗಾರ ಇದನ್ನೇನ್ ಮಾಡ್ಲಿ ನಾನು?" ಎಂದು ರೇಗಿದೆ.

"ತೋರ್ಸಾಕಂತ ಹಾಕೇವಿ ಅಂದ್ರೆಲ್ಲಾ," ಎಂದಳು. ದನಿ ಏರಲಿಲ್ಲ. "ತೋರ್ಸ್ರಿ."

ಮನೆಗೆ ಬಂದವಳೇ ಹೊರಸಿನ ಕೆಳಗಿನಿಂದ ಬೇವಿನ ಕೊರಳನ್ನು ಎಳೆದಳು. ಮಕಮಲ್ಲು ಹರಿದು ಒಗೆದಳು. ಬಡಿಗೇರನ ಹತ್ತಿರ ತಾನೇ ಒಯ್ದು ಸಣ್ಣಗೆ ಕೆತ್ತಿಸಿಕೊಂಡು ಬಂದಳು. ಮುಂದಿನ ಸಂತೆಯಲ್ಲಿ ಬರಿಯ ಕಟ್ಟಿಗೆಯ ಮೇಲೆ ಆ ಒಂದೇ ಒಂದು ಕರಿಮಣಿಯನ್ನು ಹಾಕಿ ಅಂಗಡಿಯ ಮುಂದೆ ಇಟ್ಟಳು. ಬೇರೆ ಯಾವ ಸರವನ್ನೂ ಅದರ ಮೇಲೆ ಹಾಕಗೊಡಲಿಲ್ಲ. ತನ್ನ ಕೊರಳಿಗೂ ಹಾಕಿಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು ಎಲ್ಲರ ಕಣ್ಣೆದುರಿಗೆ ಸೂಜಿಗೆ ಮಣಿ ಏರಿಸತೊಡಗಿದಳು.

ಹೆಂಗಸರು ಬಂದರು. ಹಸಿ ಬೇವಿನ ಬಣ್ಣದ ಮೇಲೆ ಕರಿಮಣಿ ಅಷ್ಟು ದೂರದಿಂದ ಕಾಣುತ್ತಿತ್ತು. ಬಂದವರು ಸೂಜಿ ಆಡುವುದನ್ನು ನೋಡುತ್ತಾ ಕೂತುಬಿಡುತ್ತಿದ್ದರು. ನಾನು ಕೊಡೆ, ಕಣಕಿ, ಕೊಡ ಎಂದು ಹುಚ್ಚನಂತೆ ಅಲೆದು ಮಾಡಲಾಗದ್ದು ಒಂದೇ ಸರದಿಂದ ಆಯಿತು. ಅದನ್ನು ನೋಡಿ ಸಂತೋಷಪಡುವ ಹಕ್ಕು ಮಾತ್ರ ನನಗಿರಲಿಲ್ಲ. ಒಂದು ಸಲ ಅದನ್ನು ಹಿಂದೆ ಸರಿಸಿಟ್ಟೆ. ಅವಳು ಮತ್ತೆ ಮುಂದಕ್ಕೆ ತಂದು, ಧೂಳು ಒರೆಸಿ, ಸರಿಯಾಗಿ ನಿಲ್ಲಿಸಿದಳು.

ತನಗೆಂದು ಅವಳು ಮತ್ತೆ ಕರಿಮಣಿ ಪೋಣಿಸಿಕೊಳ್ಳಲಿಲ್ಲ. ಇವತ್ತಿಗೂ ಅರಿಷಿಣದ ದಾರವೇ. ಮುದ್ದೇಬಿಹಾಳದಲ್ಲಿ ಅತ್ತೆ ಇನ್ನೊಂದೆರಡು ಸಲ ಹುಡುಕಿದಳು, ಆಮೇಲೆ ಮಗಳ ಕೊರಳಿಗೆ ಕೈ ಒಯ್ಯುವುದನ್ನೇ ಬಿಟ್ಟಳು. ಯಾಕೆಂದು ಕೇಳಲೂ ಇಲ್ಲ. ಸಾಯುವ ತನಕ ಕೇಳಲಿಲ್ಲ.

ಸಂತೆಗೆ ಬಂದ ಪ್ರತಿಯೊಬ್ಬಳೂ ಮೊದಲು ಅದನ್ನೇ ತೋರಿಸಿ ಕೇಳುತ್ತಿದ್ದಳು: "ಅದು ಹೆಂಗ್ರಿ?" ಆಗ ಬಾಜೂಕ ಸೂಜಿ ನಿಲ್ಲುತ್ತಿತ್ತು. ಅವಳು ತಲೆ ಎತ್ತುತ್ತಿರಲಿಲ್ಲ, ಮಣಿಯನ್ನು ಬೆರಳ ತುದಿಯಲ್ಲಿ ಹಿಡಿದು ಹಾಗೇ ಇರುತ್ತಿದ್ದಳು.

"ಅದು ಮಾರೋದಲ್ರಿ," ಎನ್ನುತ್ತಿದ್ದೆ ನಾನು. "ತೋರ್ಸಾಕಂತ ಇಟ್ಟೇವಿ."

ಅಷ್ಟು ಹೇಳಿದ ಮೇಲೆ ಅವಳು ಮಣಿಯನ್ನು ಸೂಜಿಗೆ ಏರಿಸುತ್ತಿದ್ದಳು.