ದೊಡ್ಡವ್ವನ ಹಾಲುಮಣಿ

ಹಸಿ ಹಾಲಿನಲ್ಲಿ ನೆನೆದ ಕಲ್ಲಿಗೂ ಒಂದು ವಾಸನೆ ಇರುತ್ತದೆ ಎಂದರೆ ನೀವು ನಗಬಹುದು. ಹೋದ ತಿಂಗಳು ಕೊಪ್ಪಳದಲ್ಲಿ ನಮ್ಮ ಶಾಲೆಯ ಕಿರಿಯ ಶಿಕ್ಷಕಿಯೊಬ್ಬಳ ಕೂಸು ನೋಡಲು ಹೋಗಿದ್ದೆ. ಲೋಬಾನದ ಹೊಗೆ, ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ, ಹೆಗಲ ಬಟ್ಟೆಯ ಮೇಲೆ ಒಣಗಿದ ಹಾಲು ಎಲ್ಲ ಕಲೆತ ಬಾಣಂತಿ ಕೋಣೆಯ ಆ ಬೆಚ್ಚನೆ ಗಾಳಿ ಮೂಗಿಗೆ ತಾಗಿದ್ದೇ ತಡ, ನಾನು ಮತ್ತೆ ಸಣ್ಣ ಹುಡುಗಿಯಾಗಿ ಮಂಗಳೂರಿನ ನಮ್ಮ ಮನೆಯ ದೇವರ ಕೋಣೆಯ ಹೊಸ್ತಿಲಲ್ಲಿ ಕೂತುಬಿಟ್ಟಿದ್ದೆ. ಮಂಗಳೂರು ಎಂದೊಡನೆ ಜನ ಮೀನಿನ ಸುದ್ದಿ ಎತ್ತುತ್ತಾರೆ. ನಮ್ಮದು ಯಲಬುರ್ಗಾ ಕಡೆಯ ಮಂಗಳೂರು, ಎರೆಹೊಲ, ಬಿಳಿಜೋಳದ ಊರು. ಆ ಹೊಸ್ತಿಲ ಆಚೆ ದೊಡ್ಡವ್ವ ಕೂತಿರುತ್ತಿದ್ದಳು. ಅವಳ ಮುಂದೆ ಹಿತ್ತಾಳೆ ಬಟ್ಟಲು, ಬಟ್ಟಲ ತುಂಬ ಹಾಲು, ತಳದಲ್ಲಿ ಹಾಲಿನದೇ ಬಣ್ಣದ ಮಣಿ. ಬೆರಳು ಅದ್ದಿ ತಡಕಿದರೇ ಅದು ಸಿಗುತ್ತಿದ್ದುದು.

ದೊಡ್ಡವ್ವ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ. ಅಪ್ಪ, ದೊಡ್ಡಪ್ಪ ಕೂಡಿ ಕಾಳುಕಡಿ ವ್ಯಾಪಾರ ಮಾಡುತ್ತಿದ್ದ ಕಾಲ, ಮನೆಗೆಲ್ಲ ಒಂದೇ ಒಲೆ. ಅವಳಿಗೆ ಮಕ್ಕಳಿರಲಿಲ್ಲ. ಹಾಲುಮಣಿ ಅವಳ ಕೈಗೆ ಬಂದದ್ದೂ ಅದಕ್ಕೇ. ಕೂಸಿಗೆ ಹಾಲೂಡಿಸಿದವಳು ಮಣಿ ಕಾಯ್ದರೆ ಅದರ ಗುಣವೆಲ್ಲ ಅವಳಲ್ಲೇ ಇಂಗಿಹೋಗುತ್ತದೆಂದು ನಮ್ಮ ಕಡೆಯ ಹೆಂಗಸರ ನಂಬಿಕೆ. ಹುಣಸೆ ಬೀಜಕ್ಕಿಂತ ತುಸು ದೊಡ್ಡ ಮಣಿ ಅದು. ಬೆಳಕಿಗೆ ಹಿಡಿದರೆ ಗಂಜಿಯ ಹಾಗೆ ಮಬ್ಬು, ನಡುವೆ ಕೆನೆಗಟ್ಟಿದಂತೆ ಒಂದು ಗೆರೆ. ವರ್ಷಕ್ಕೊಮ್ಮೆ ಅತ್ತರು, ಸುರ್ಮಾ ಮಾರಲು ಬರುತ್ತಿದ್ದ ಸಾಬರ ಮುದುಕ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಇದು ಅಕೀಕು ಕಲ್ಲು ಅದ ರೀ ಅವ್ವಾರ. ಕೆಂಪಂದು ರಕ್ತ ಕಟ್ಟಸ್ತದ, ಕರೀದು ದೃಷ್ಟಿ ತಗೀತದ, ಹಸರಂದು ಕಣ್ಣು ತಂಪು ಮಾಡ್ತದ. ಬಿಳೀದು ಹಾಲಿಂದು," ಎಂದು ಭಕ್ತಿಯಿಂದ ಹೇಳಿ ತಿರುಗಿ ಕೊಡುತ್ತಿದ್ದ. ಗುಡ್ಡದ ಮೇಲಿನ ಕಲ್ಲುಚಪ್ಪಡಿಯ ಗೂಡುಗಳಿಗೆ ನಮ್ಮಲ್ಲಿ ಮೋರ್ಯರ ಮನೆ ಅನ್ನುತ್ತಾರಲ್ಲ, ಅಂಥ ಒಂದು ಗುಡ್ಡದ ಬುಡದ ಹೊಲ ಹರಗುವಾಗ ನಮ್ಮ ಹಿರಿಯರಿಗೆ ಆ ಮಣಿ ಸಿಕ್ಕಿತ್ತಂತೆ. ಮೋರ್ಯರು ಗೇಣುದ್ದದ ಜನ, ಬೆಂಕಿಯ ಮಳೆ ಸುರಿದು ಸತ್ತುಹೋದರು, ಅವರಲ್ಲೊಬ್ಬ ತಾಯಿಯ ಕೊನೆಯ ಹನಿ ಹಾಲು ಹೆಪ್ಪುಗಟ್ಟಿ ಮಣಿಯಾಯಿತು ಎಂದು ದೊಡ್ಡವ್ವ ಕತೆ ಹೇಳುತ್ತಿದ್ದಳು. ಖರೆಯೇನು ಎಂದು ಕೇಳಿದರೆ, "ಆಕಿನ್ನ ಕೇಳಬೇಕವ್ವಾ, ಆಕೀನ ಇಲ್ಲ," ಎಂದು ನಕ್ಕುಬಿಡುತ್ತಿದ್ದಳು.

ಎದೆಹಾಲು ಸಾಲದ ಬಾಣಂತಿಯರ ಮನೆಯಿಂದ ಸುತ್ತಲ ಹಳ್ಳಿಯವರು ಬರುತ್ತಿದ್ದರು. ದೊಡ್ಡವ್ವ ಕೈಯಾರೆ ಹೊಸೆದ ಬಿಳಿ ನೂಲಿಗೆ ಮಣಿ ಪೋಣಿಸಿ, ಸೋಮವಾರ ನೋಡಿ ಕೊಟ್ಟು ಕಳಿಸುತ್ತಿದ್ದಳು. ಹಾಲು ಬಂದರೆ ಮಣಿಯ ಜೊತೆ ಒಂದು ಕುಬಸದ ಖಣ, ಮೊರದ ತುಂಬ ಜೋಳ ಬರುತ್ತಿತ್ತು. ಹಾಲು ಬರದಿದ್ದರೆ ಬರುತ್ತಿದ್ದುದು ಬೈಗುಳ. ಇದೂ ಪದ್ಧತಿಯೇ. ಮಣಿ ಒಯ್ದವಳು ಅಂಗಳದಲ್ಲಿ ನಿಂತು ಮಣಿಗೂ ಮಣಿ ಕಾಯುವವಳಿಗೂ ಬಾಯಿಗೆ ಬಂದಂತೆ ಬೈಯಬೇಕು, ಕಾಯುವವಳು ಸೆರಗು ಹೊದ್ದು ಸುಮ್ಮನೆ ನಿಂತು ಕೇಳಬೇಕು. ಬೇವೂರಿನ ಕಡೆಯ ಒಬ್ಬಳು, ಇನ್ನೂ ಹುಡುಗಿಯಂತಿದ್ದವಳು, "ಬಂಜಿ ಕೈಯಾನ ಮಣಿ ಹಾಲೆಲ್ಲಿ ತರತೈತಿ?" ಎಂದು ಅರಚಿದ್ದು ನನಗೆ ಈಗಲೂ ಕೇಳಿಸುತ್ತದೆ. ನನಗೋ ಮೈಯೆಲ್ಲ ಉರಿದು ಅವಳ ಜಡೆ ಹಿಡಿದು ಜಗ್ಗಬೇಕೆನಿಸಿತ್ತು. ದೊಡ್ಡವ್ವ ಮಾತ್ರ ಅವಳ ಉಸಿರು ಸೋಲುವವರೆಗೆ ಕಾದು, ತಂಬಿಗೆ ನೀರು, ಬೆಲ್ಲದ ಚೂರು ತಂದಿಟ್ಟು, "ಬೈದು ಬೈದು ಬಾಯಿ ಒಣಗಿರತೈತಿ, ಕುಡಿಯವ್ವಾ," ಎಂದಳು. ನೀರು ಕುಡಿದರೆ ಅಲ್ಲಿಗೆ ಮುಗಿಯಿತೆಂದು ಲೆಕ್ಕ. ಆ ಹುಡುಗಿ ನೀರು ಕುಡಿದು, ದೊಡ್ಡವ್ವನ ತೊಡೆಯ ಮೇಲೆ ತಲೆಯಿಟ್ಟು ಅತ್ತು, ಸಂಜೆಯ ಬಸ್ಸಿಗೆ ಹೋದಳು.

ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ನನಗೆ ತಮ್ಮ ಹುಟ್ಟಿದ. ಹುಟ್ಟುವಾಗಲೇ ಸಣ್ಣ ಕೂಸು. ಅವ್ವನಿಗೆ ಹಾಲು ಇಳಿಯಲೇ ಇಲ್ಲ. ಕುಷ್ಟಗಿಗೆ ಒಯ್ದು ತೋರಿಸಿದರು, ಡಬ್ಬಿ ಹಾಲು ತಂದರು, ಅದು ಕೂಸಿಗೆ ಒಗ್ಗಲಿಲ್ಲ. ದೊಡ್ಡವ್ವ ಮಣಿಯನ್ನು ಅವ್ವನ ಕೊರಳಿಗೆ ಕಟ್ಟಿದಳು, ಸಬ್ಬಸಿಗೆ ಪಲ್ಲೆ, ಮೆಂತ್ಯದ ಗಂಜಿ ಮಾಡಿ ಮಾಡಿ ಉಣಿಸಿದಳು. ಕೂಸು ತಿಂಗಳೂ ತುಂಬದೆ ಹೋಯಿತು. ಮಣ್ಣು ಮಾಡಿ ಬಂದ ಮಧ್ಯಾಹ್ನ ಅವ್ವ ಕೊರಳಿನ ನೂಲು ಹರಿದು ದೊಡ್ಡವ್ವನ ಮೈಮೇಲೆ ಎಸೆದಳು. "ನಿನ್ನ ಮಣಿ ನನ್ನ ಕೂಸಿನ್ನ ತಿಂತು!" ಪರಊರಿನ ಹೆಂಗಸರ ಮಾತು ಕೇಳುವ ಹಾಗೆಯೇ ದೊಡ್ಡವ್ವ ಸೆರಗು ಹೊದ್ದು ನಿಂತು ಕೇಳಿದಳು. ಆಮೇಲೆ ನೀರು, ಬೆಲ್ಲ ತಂದಿಟ್ಟಳು. ಅವ್ವ ಆ ನೀರು ಮುಟ್ಟಲಿಲ್ಲ.

ಅಂದಿನಿಂದ ಒಂದೇ ಒಲೆಯ ಮುಂದೆ ಇಬ್ಬರು ಮಾತಿಲ್ಲದ ಹೆಂಗಸರು. ನಡುವೆ ನಾನು ಟಪಾಲು. "ನಿಮ್ಮ ದೊಡ್ಡವ್ವಗ ಹೇಳು, ರೊಟ್ಟಿ ಬಿಸಿ ಅದಾವ, ಆರೂದ್ರಾಗ ತಿನ್ನಲಿ," ಎಂದು ಅವ್ವ ಗೋಡೆ ನೋಡಿಕೊಂಡು ಹೇಳುವಳು. ದೊಡ್ಡವ್ವ ಎರಡು ಮಾರು ದೂರದಲ್ಲೇ ಇರುತ್ತಿದ್ದಳು. ಬಿಸಿ ರೊಟ್ಟಿಯ ಕಾಳಜಿ ಇತ್ತು, ಮಾತು ಮಾತ್ರ ಇರಲಿಲ್ಲ. ಇವರಿಬ್ಬರೂ ಒಂದು ದಿನ ಮಾತಾಡಬೇಕು ಎಂಬುದೊಂದೇ ನನ್ನ ಬಾಲ್ಯದ ಆಸೆಯಾಗಿತ್ತು. ಬೇರೆ ಹುಡುಗಿಯರು ದೇವರಿಗೆ ಪಾಸಾಗಲಿ ಎಂದು ಬೇಡಿಕೊಳ್ಳುವಾಗ ನಾನು ಇದನ್ನು ಬೇಡಿಕೊಳ್ಳುತ್ತಿದ್ದೆ.

ಕೊಪ್ಪಳದಲ್ಲಿ ಬಿ.ಎಸ್ಸಿ. ಓದುವಾಗ ವಿಜ್ಞಾನ ನನ್ನ ತಲೆಗೆ ಸ್ವಲ್ಪ ಹೆಚ್ಚೇ ಏರಿತ್ತು. ಅಕೀಕೆಂದರೆ ಮರಳಿನದೇ ಬಳಗ ಎಂದು ತಿಳಿದ ದಿನವಂತೂ ಹಾರಿಕೊಂಡು ಊರಿಗೆ ಬಂದೆ. ಇಬ್ಬರೂ ಕಾಳು ಹಸನು ಮಾಡುತ್ತಿದ್ದರು. ನಡುವೆ ಕೂತು ಪಾಠ ಶುರುಮಾಡಿದೆ. "ಅವ್ವಾ, ಆ ಮಣಿ ಬರೇ ಕಲ್ಲು. ಅದರಿಂದ ಹಾಲು ಬರೂದೂ ಇಲ್ಲ, ಬತ್ತೂದೂ ಇಲ್ಲ. ದೊಡ್ಡವ್ವಂದು ಏನೂ ತಪ್ಪಿಲ್ಲ." ಅವ್ವನ ಕೈಯಲ್ಲಿದ್ದ ಮೊರ ನಿಂತಿತು. ಮುಖ ಬಿಳುಚಿತು. ಜೀವಮಾನದಲ್ಲಿ ನನ್ನ ಮೇಲೆ ಕೈ ಎತ್ತದಿದ್ದ ದೊಡ್ಡವ್ವ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದಳು. ಅವಳ ಕಣ್ಣಲ್ಲಿ ಅಷ್ಟು ಸಿಟ್ಟು ನಾನು ಕಂಡಿರಲಿಲ್ಲ. "ಕಲ್ಲಿನ್ಯಾಗ ಹಾಲಿಲ್ಲ ಅಂತ ನನಗ ಗೊತ್ತಿಲ್ಲೇನಲೇ? ಹಾಲು ಬರಲಿಲ್ಲಂದ್ರ ಹೆಣಮಗಳು ತನ್ನ ಎದೀನ ಬೈಕೊಂತಾಳ. ಅದಕ್ಕ ಬೈಸ್ಕೊಳ್ಳಾಕ ನಾ ನಿಂದ್ರತೀನಿ. ಕಲ್ಲಿಂದೂ ಅಲ್ಲ, ನಂದೂ ಅಲ್ಲಂದ್ರ, ನಿಮ್ಮವ್ವ ಆ ತಪ್ಪು ಒಯ್ದು ಎಲ್ಲಿ ಇಡಬೇಕು?" ತಿರುಗಿ ಬಂದಾಗ ಅವ್ವ ಕಾಳು ಹಸನು ಮಾಡುತ್ತಲೇ ಇದ್ದಳು, ನನ್ನ ಮುಖ ನೋಡಲಿಲ್ಲ.

ಆಮೇಲೆ ಮನೆ ಪಾಲಾಯಿತು. ನಾವು ಕೊಪ್ಪಳಕ್ಕೆ ಬಂದೆವು, ದೊಡ್ಡವ್ವ ಊರಲ್ಲೇ ಉಳಿದಳು. ಮಣಿ ಕೇಳಿಕೊಂಡು ಬರುವವರು ನಿಂತರು. ಹಳೆಯ ಮನೆ ಕೆಡವಿದ ಜಾಗದಲ್ಲಿ ಈಗ ಗೊಬ್ಬರದ ಅಂಗಡಿಯೂ ಮೊಬೈಲ್ ರಿಪೇರಿಯೂ ಇವೆ. ಮಣಿ ಯಾರ ಟ್ರಂಕು ಸೇರಿತೋ ತಿಳಿಯದು. ಹುಡುಕಬೇಕೆಂದು ನನಗೂ ಅನಿಸಿಲ್ಲ.

ಆ ಮನೆ ಇನ್ನೂ ನಿಂತಿದ್ದಾಗಲೇ ದೊಡ್ಡವ್ವ ತೀರಿಕೊಂಡಳು. ಸುದ್ದಿ ಬಂದಾಗ ಅವ್ವ ಸೀರೆ ಬದಲಿಸಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಪಡಸಾಲೆಯ ಗೋಡೆಗೆ ಆನಿಸಿ ದೊಡ್ಡವ್ವನನ್ನು ಕೂರಿಸಿದ್ದರು. ಸುತ್ತ ಹೆಂಗಸರು ಅವಳ ಗುಣ ಹಾಡಿಕೊಂಡು ಅಳುತ್ತಿದ್ದರು. ಅವ್ವ ಎದುರಿಗೆ ಕೂತು ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು. ನಾನು ಹಿಂದೆ ನಿಂತು, ಇನ್ನು ಮಾತಾಡಿ ಏನು ಬಂತು ಎಂದು ಒಳಗೊಳಗೇ ಅವ್ವನ ಮೇಲೆ ಕುದಿಯುತ್ತಿದ್ದೆ. ಆಗ ಅವ್ವ ಮುಂದೆ ಸರಿದು, ದೊಡ್ಡವ್ವನ ತಣ್ಣಗಿನ ಕೈ ಎತ್ತಿ ತನ್ನ ಎದೆಗೆ ಒತ್ತಿಕೊಂಡಳು. ಅಷ್ಟು ವರ್ಷಗಳ ಮೇಲೆ ಮೊದಲ ಸಲ ನೇರ ಅವಳಿಗೇ ಕೇಳಿದಳು:

"ಯಕ್ಕಾ, ಇನ್ನ ನಾ ಯಾರಿಗೆ ಬೈಲಿ?"